ಮನೆಯವರ ಕೈ ಕಂಡಾಗ ಬದಲಾದ ಅಲೆ

“ಇಂಥ ಮಕ್ಕಳ ಮೆದುಳಿನಲ್ಲಿ ಕನ್ನಡಿ ನರಕೋಶಗಳು ಕೆಲಸ ಮಾಡುವುದಿಲ್ಲ. ಆದ್ದರಿಂದ ಬೇರೆಯವರ ನೋವು ಅವರಿಗೆ ತಿಳಿಯುವುದಿಲ್ಲ.” ಆಟಿಸಂ ಬಗ್ಗೆ ಹುಡುಕಿ ಓದಿದವರಿಗೆ ಈ ಎರಡು ವಾಕ್ಯಗಳು ಎಲ್ಲಾದರೊಂದು ಕಡೆ ಎದುರಾಗಿಯೇ ಇರುತ್ತವೆ. ಮೊದಲನೆಯದು ವಿಜ್ಞಾನದಂತೆ ಕೇಳಿಸುತ್ತದೆ. ಎರಡನೆಯದು ಅದರಿಂದ ತಾನಾಗಿಯೇ ಹೊರಟ ತೀರ್ಮಾನದಂತೆ ಕೇಳಿಸುತ್ತದೆ. ಎರಡಕ್ಕೂ ಸಾಕಷ್ಟು ಆಧಾರವಿಲ್ಲ. ಹದಿನೈದು ವರ್ಷಗಳ ಹಿಂದೆಯೇ ಅಲುಗಾಡತೊಡಗಿದ ಒಂದು ಸಿದ್ಧಾಂತ ಇಂದಿಗೂ ನಮ್ಮ ಮನೆಗಳಿಗೆ ಹೊಸ ಸುದ್ದಿಯ ವೇಷದಲ್ಲಿ ಬರುತ್ತಿದೆ, ಬಂದಲ್ಲೆಲ್ಲ ಗಾಯ ಮಾಡುತ್ತಿದೆ.

ನಾನು ಶಿವಮೊಗ್ಗ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನನ್ನ ತಂಗಿಯ ಮಗನಿಗೆ ಆಟಿಸಂ ಇದೆ. ಎಂಟು ವರ್ಷದ ಹುಡುಗ, ಆಡುವ ಮಾತು ಬೆರಳೆಣಿಕೆಯಷ್ಟು. ಅವಳ ಮೊಬೈಲಿಗೆ ಬರುವ ಪ್ರತಿಯೊಂದು ಲೇಖನ, ಪ್ರತಿಯೊಂದು ವಿಡಿಯೊ ನನಗೂ ಬರುತ್ತದೆ, ಓದಿ ಹೇಳುವುದು ನನ್ನ ಪಾಲಿನ ಕೆಲಸ. ಅವುಗಳಲ್ಲಿ ಅವಳನ್ನು ಹೆಚ್ಚು ಕಂಗೆಡಿಸಿದ್ದು ಒಂದು ಖಾಸಗಿ ಕೇಂದ್ರ ಕೊಟ್ಟ ಬಣ್ಣದ ಹಾಳೆ. ಹುಡುಗನ ತಲೆಗೆ ಇಇಜಿ ತಂತಿಗಳನ್ನು, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ಹೊರಗಿನಿಂದ ದಾಖಲಿಸುವ ತಂತಿಗಳನ್ನು ಅಂಟಿಸಿ, ತಲೆಯ ಚಿತ್ರದ ಮೇಲೆ ಕೆಂಪು ನೀಲಿ ಬಣ್ಣ ತುಂಬಿ, ಕೆಳಗೆ ‘ಮಿರರ್ ನ್ಯೂರಾನ್ ಚಟುವಟಿಕೆ: ದುರ್ಬಲ’ ಎಂದು ಅಚ್ಚು ಹಾಕಿದ್ದರು. ಮಿರರ್ ನ್ಯೂರಾನ್ ಎಂದರೆ ಅದೇ ಕನ್ನಡಿ ನರಕೋಶ. ಅದನ್ನು ಸರಿಪಡಿಸುವ ತಿಂಗಳುಗಟ್ಟಲೆಯ ಕಾರ್ಯಕ್ರಮವೂ ಅವರಲ್ಲಿಯೇ ಇತ್ತು. ಅದರ ಶುಲ್ಕ ಭಾವನ ಸಂಬಳವನ್ನು ಮೀರುತ್ತಿತ್ತು. ಆದರೆ ತಂಗಿ ಫೋನ್ ಮಾಡಿದಾಗ ಮೊದಲು ಕೇಳಿದ್ದು ಹಣದ ಮಾತಲ್ಲ. “ಅಣ್ಣ, ನಾನು ಯಾರೆಂದೇ ಇವನಿಗೆ ಒಳಗೆ ಗೊತ್ತಾಗುವುದಿಲ್ಲವೇ?” ಎಂದು ಕೇಳಿದಳು. ಒಬ್ಬ ತಾಯಿಯ ಬಾಯಲ್ಲಿ ಇಂಥ ಪ್ರಶ್ನೆ ಬರಿಸುವ ಸಿದ್ಧಾಂತ ಎಲ್ಲಿ ಹುಟ್ಟಿತು, ಎಷ್ಟು ಗಟ್ಟಿ ಎಂಬುದನ್ನು ನೋಡಲೇಬೇಕಾಯಿತು.

ಅದರ ಮೂಲ ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದಲ್ಲಿದೆ. ಜಾಕೊಮೊ ರಿಜೊಲಾಟಿ ಮತ್ತು ಅವರ ಸಂಗಡಿಗರು ಮಕಾಕ್ ಕೋತಿಗಳ ಮೆದುಳಿನಲ್ಲಿ ಕೈಚಲನೆಗೆ ಸಂಬಂಧಿಸಿದ ಎಫ್5 ಎಂಬ ಭಾಗಕ್ಕೆ ಅತಿ ಸಪೂರದ ಎಲೆಕ್ಟ್ರೋಡ್ ಇಳಿಸಿ, ಒಂದೊಂದೇ ನರಕೋಶದ ಮಿಡಿತವನ್ನು ದಾಖಲಿಸುತ್ತಿದ್ದರು. ಕೋತಿ ತಾನೇ ತಿನಿಸನ್ನು ಎತ್ತಿಕೊಂಡಾಗ ಮಿಡಿಯುತ್ತಿದ್ದ ಕೆಲವು ಕೋಶಗಳು, ಎದುರಿನ ಮನುಷ್ಯ ಆ ತಿನಿಸನ್ನು ಎತ್ತಿಕೊಂಡಾಗಲೂ ಮಿಡಿದವು. ಆಗ ಕೋತಿಯ ಕೈ ಅಲ್ಲಾಡಿರಲಿಲ್ಲ. 1992ರಲ್ಲಿ ಇದರ ಮೊದಲ ವರದಿ ಬಂತು, 1996ರಲ್ಲಿ ‘ಮಿರರ್ ನ್ಯೂರಾನ್’ ಎಂಬ ಹೆಸರಿನೊಂದಿಗೆ ವಿಸ್ತಾರವಾದ ಪ್ರಬಂಧಗಳು ಬಂದವು. ಅವುಗಳಲ್ಲಿ ಒಂದಕ್ಕಾಗಿ ಎರಡು ಕೋತಿಗಳ 532 ಕೋಶಗಳನ್ನು ಪರೀಕ್ಷಿಸಿದ್ದರು, ಕನ್ನಡಿಯ ಗುಣ ಕಂಡದ್ದು 92ರಲ್ಲಿ. ತರಗತಿಯಲ್ಲಿ ಈ ವಿಷಯ ಬಂದಾಗ ನಾನು ಈ ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ. ಕನ್ನಡಿ ಕೋಶಗಳು ಸಿಕ್ಕ ಜಾಗದಲ್ಲಿಯೂ ಆರರಲ್ಲಿ ಐದು ಕೋಶಗಳು ಅಂಥವಲ್ಲ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಮೆದುಳಿನ ಒಂದು ಭಾಗ ಬೆಳಗಿತೆಂದರೆ ಕನ್ನಡಿ ಕೋಶಗಳೇ ಬೆಳಗಿದವೆಂದು ಹೇಳಲಾಗದು.

ಮನುಷ್ಯರಲ್ಲಿಯೂ ಇಂಥ ಕೋಶಗಳಿವೆಯೇ? ಆರೋಗ್ಯವಂತರ ತಲೆಬುರುಡೆ ತೆರೆದು ನೋಡುವಂತಿಲ್ಲವಾದ್ದರಿಂದ ಬಹಳ ಕಾಲ ಇದಕ್ಕೆ ನೇರ ಉತ್ತರ ಇರಲಿಲ್ಲ. 2010ರಲ್ಲಿ ಲಾಸ್ ಏಂಜಲೀಸ್‌ನ ವೈದ್ಯರು, ಅಪಸ್ಮಾರದ ಚಿಕಿತ್ಸೆಗಾಗಿ ಮೆದುಳಿನಲ್ಲಿ ಎಲೆಕ್ಟ್ರೋಡ್ ಇರಿಸಿಕೊಂಡಿದ್ದ 21 ರೋಗಿಗಳ ಒಪ್ಪಿಗೆ ಪಡೆದು ಪರೀಕ್ಷಿಸಿದಾಗ, ಮಾಡುವಾಗಲೂ ನೋಡುವಾಗಲೂ ಮಿಡಿಯುವ ಕೋಶಗಳು ಸಿಕ್ಕವು. ಸಿಕ್ಕಿದ್ದು ಯಾರೂ ಹೆಚ್ಚು ಮಾತನಾಡಿರದ ಜಾಗಗಳಲ್ಲಿ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನಲ್ಲಿ ಕೂಡ. ಹಾಗಾಗಿ ಕನ್ನಡಿ ಕೋಶಗಳೇ ಕಟ್ಟುಕಥೆ ಎಂದು ನಾನು ಹೇಳುವುದಿಲ್ಲ. ಅವು ಇವೆ, ಅವುಗಳ ಕೆಲಸವೇನು ಎಂಬುದರ ಮೇಲೆಯೇ ಎಲ್ಲ ಚರ್ಚೆ. ಬೇರೆಯವರ ಉದ್ದೇಶವನ್ನು ಅರಿಯಲು ಹುಟ್ಟಿನಿಂದಲೇ ಬಂದ ಯಂತ್ರ ಎಂದು ಒಂದು ಪಕ್ಷ ಹೇಳುತ್ತದೆ. ಮಗು ತನ್ನ ಕೈಯನ್ನು ಆಡಿಸುತ್ತ ಆಡಿಸುತ್ತ ಅದನ್ನೇ ನೋಡುವುದರಿಂದ, ತನ್ನನ್ನು ಅನುಕರಿಸುವ ದೊಡ್ಡವರನ್ನು ನೋಡುವುದರಿಂದ, ನೋಟಕ್ಕೂ ಚಲನೆಗೂ ನಂಟು ಬೆಸೆದು ಆದ ಕೋಶಗಳು ಇವು ಎಂದು ಆಕ್ಸ್‌ಫರ್ಡ್‌ನ ಸಿಸಿಲಿಯಾ ಹೇಯ್ಸ್ ಹೇಳುತ್ತಾರೆ. ನನಗೆ ಎರಡನೆಯ ವಾದವೇ ಹೆಚ್ಚು ಒಪ್ಪಿಗೆ.

ಇನ್ನು ಆಟಿಸಂಗೂ ಇದಕ್ಕೂ ಗಂಟು ಬಿದ್ದ ಬಗೆ. 2000ದಲ್ಲಿ ವಿ. ಎಸ್. ರಾಮಚಂದ್ರನ್ ಒಂದು ಭವಿಷ್ಯ ನುಡಿದರು: ಜೀವಶಾಸ್ತ್ರಕ್ಕೆ ಡಿಎನ್‌ಎ ಮಾಡಿದ್ದನ್ನು ಮನಃಶಾಸ್ತ್ರಕ್ಕೆ ಮಿರರ್ ನ್ಯೂರಾನ್‌ಗಳು ಮಾಡಲಿವೆ. ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಕೆಲಸ ಮಾಡಿದ ಈ ನರವಿಜ್ಞಾನಿಯ ಮಾತಿಗೆ ಭಾರತದಲ್ಲಿ ವಿಶೇಷ ಗೌರವ, ಕೈಕಾಲು ಕಳೆದುಕೊಂಡವರಿಗೆ ಆ ಇಲ್ಲದ ಕೈಕಾಲಿನಲ್ಲಿ ಕಾಡುವ ನೋವಿನ ಬಗ್ಗೆ ಅವರು ಮಾಡಿದ ಕೆಲಸಕ್ಕೆ ಆ ಗೌರವ ಸಲ್ಲಬೇಕಾದದ್ದೇ. 2005ರಲ್ಲಿ ಲಿಂಡ್ಸೆ ಓಬರ್ಮನ್ ಜೊತೆ ಅವರ ತಂಡ ಒಂದು ಇಇಜಿ ಅಧ್ಯಯನ ಪ್ರಕಟಿಸಿತು, ಮರುವರ್ಷ ಜನಪ್ರಿಯ ವಿಜ್ಞಾನ ಪತ್ರಿಕೆಯೊಂದರಲ್ಲಿ ‘ಒಡೆದ ಕನ್ನಡಿಗಳು’ ಎಂಬ ಅರ್ಥದ ತಲೆಬರಹದೊಂದಿಗೆ ಅವರ ಲೇಖನ ಬಂತು. ಆ ತಲೆಬರಹ ಲೋಕವೆಲ್ಲ ಸುತ್ತಿತು. ಅಧ್ಯಯನವನ್ನು ಓದಿದವರು ಕಡಿಮೆ.

ಆ ಅಧ್ಯಯನದಲ್ಲಿ ಇದ್ದದ್ದು ಇಷ್ಟು. ನೆತ್ತಿಯ ಎರಡೂ ಬದಿಗೆ, ಚಲನೆಯನ್ನು ನಿರ್ವಹಿಸುವ ಪಟ್ಟಿಯ ಮೇಲೆ, ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ‘ಮ್ಯೂ’ ಎಂಬ ಅಲೆ ಇರುತ್ತದೆ. ನಾವು ಸುಮ್ಮನಿದ್ದಾಗ ಅದು ಎದ್ದು ಕಾಣುತ್ತದೆ, ಕೈ ಆಡಿಸಿದಾಗ ತಗ್ಗುತ್ತದೆ, ಬೇರೆಯವರು ಕೈ ಆಡಿಸುವುದನ್ನು ನೋಡಿದಾಗಲೂ ಸ್ವಲ್ಪ ತಗ್ಗುತ್ತದೆ. ಆಟಿಸಂ ಇರುವ 10 ಮಂದಿಯನ್ನೂ ಇಲ್ಲದ 10 ಮಂದಿಯನ್ನೂ ಪರೀಕ್ಷಿಸಿದಾಗ, ಆಟಿಸಂ ಇರುವವರಲ್ಲಿ ತಮ್ಮದೇ ಕೈ ಆಡಿಸಿದಾಗ ಅಲೆ ತಗ್ಗಿತು, ವಿಡಿಯೊದಲ್ಲಿ ಬೇರೊಬ್ಬರ ಕೈ ಆಡುವುದನ್ನು ನೋಡಿದಾಗ ತಗ್ಗಲಿಲ್ಲ. ಕನ್ನಡಿ ಒಡೆದಿದೆ ಎಂಬ ತೀರ್ಮಾನಕ್ಕೆ ಮುಖ್ಯ ಆಸರೆ ಈ ಹತ್ತು ಜನರ ಅಲೆಗಳು.

ನನ್ನನ್ನು ತಡೆದು ನಿಲ್ಲಿಸಿದ್ದು ಅದೇ ಓಬರ್ಮನ್ ಮತ್ತು ರಾಮಚಂದ್ರನ್ ತಂಡದ ಇನ್ನೊಂದು ಪ್ರಬಂಧ. ಅದು 2008ರದ್ದು. ಈ ಸಲ ಅವರು ಮಕ್ಕಳಿಗೆ ಮೂರು ಬಗೆಯ ಕೈಗಳನ್ನು ತೋರಿಸಿದರು: ಅಪರಿಚಿತರ ಕೈ, ಮನೆಯವರ ಕೈ, ಮಗುವಿನ ತನ್ನದೇ ಕೈ. ಅಪರಿಚಿತರ ಕೈ ನೋಡುವಾಗ ಆಟಿಸಂ ಇರುವ ಮಕ್ಕಳಲ್ಲಿ ಅಲೆ ಹೆಚ್ಚು ತಗ್ಗಲಿಲ್ಲ. ಮನೆಯವರ ಕೈ ನೋಡುವಾಗ ತಗ್ಗಿತು. ಇದನ್ನು ಓದಿದ ಸಂಜೆ ತಂಗಿಗೆ ಫೋನ್ ಮಾಡಿ ಓದಿ ಹೇಳಿದೆ, ಅವಳು ಇನ್ನೊಮ್ಮೆ ಓದು ಎಂದಳು. ಒಡೆದ ಕನ್ನಡಿಗೆ ಅಮ್ಮನ ಕೈ ಯಾವುದು, ಊರವರ ಕೈ ಯಾವುದು ಎಂಬ ಭೇದ ತಿಳಿಯಲು ಸಾಧ್ಯವಿಲ್ಲ. ಈ ಮಕ್ಕಳ ಮೆದುಳು ಭೇದ ಮಾಡುತ್ತಿತ್ತು. 2006ರ ಲೇಖನ ಲಕ್ಷಾಂತರ ಜನರನ್ನು ತಲುಪಿದೆ. 2008ರ ಈ ಫಲಿತಾಂಶ ಇಂದಿಗೂ ಯಾವ ಆರೋಗ್ಯ ಪುರವಣಿಯಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಇದು ನನ್ನನ್ನು ಸಿಟ್ಟಿಗೇಳಿಸುತ್ತದೆ.

ಅಲೆಯ ಮೇಲೆಯೇ ಭರವಸೆ ಇಡಬಹುದೇ ಎಂಬುದು ಮುಂದಿನ ಪ್ರಶ್ನೆ. ತಲೆಯ ಹೊರಗೆ ಅಂಟಿಸಿದ ಇಇಜಿ ತಂತಿಗೆ ಕೇಳಿಸುವುದು ಕೋಟ್ಯಂತರ ಕೋಶಗಳ ಒಟ್ಟು ಗದ್ದಲ. ಊರಾಚೆಯ ದಿಬ್ಬದ ಮೇಲೆ ನಿಂತು ಜಾತ್ರೆಯ ಸದ್ದು ಕೇಳಿದರೆ ತೇರು ಹೊರಟಿತೆಂದು ಹೇಳಬಹುದು, ಬಳೆ ಅಂಗಡಿಯಲ್ಲಿ ಯಾರು ಚೌಕಾಸಿ ಮಾಡುತ್ತಿದ್ದಾರೆಂದು ಹೇಳಲಾಗದು. ಸಾಲದ್ದಕ್ಕೆ, ತಲೆಯ ಹಿಂಭಾಗದಲ್ಲಿ ನೋಟಕ್ಕೆ ಸಂಬಂಧಿಸಿದ ‘ಆಲ್ಫಾ’ ಅಲೆಯೂ ಇದೇ ವೇಗದ್ದು, ಅದು ನಾವು ಎಷ್ಟು ಗಮನ ಕೊಟ್ಟು ನೋಡುತ್ತಿದ್ದೇವೆ ಎಂಬುದರ ಮೇಲೆ ಏರಿಳಿಯುತ್ತದೆ. ಮ್ಯೂ ಎಂದು ಅಳೆದದ್ದರಲ್ಲಿ ಆಲ್ಫಾ ಎಷ್ಟು ಬೆರೆತಿರುತ್ತದೆ ಎಂಬುದನ್ನು 2016ರಲ್ಲಿ ಹಾನಾ ಹಾಬ್ಸನ್ ಮತ್ತು ಡೊರೊತಿ ಬಿಷಪ್ ವಿವರವಾಗಿ ತೋರಿಸಿದರು. ಗುರುತಿಲ್ಲದ ಕೈಯೊಂದು ಪರದೆಯ ಮೇಲೆ ಮುಚ್ಚಿ ತೆರೆಯುವುದನ್ನು ನೋಡಲು ಮಗುವಿಗೆ ಬೇಸರವಾಗಿದ್ದರೂ ಅಲೆ ತಗ್ಗದೆ ಇರಬಹುದು. ಇಂಥ ಅಲೆಯನ್ನು ಒಬ್ಬ ಹುಡುಗನ ತಲೆಯಲ್ಲಿ ಒಂದು ಮಧ್ಯಾಹ್ನ ಅಳೆದು, ‘ಮಿರರ್ ನ್ಯೂರಾನ್ ದುರ್ಬಲ’ ಎಂದು ಅಚ್ಚು ಹಾಕಿ ತಾಯಿಯ ಕೈಗೆ ಕೊಡುವುದು ಪರೀಕ್ಷೆಯಲ್ಲ. ಅದನ್ನು ವಂಚನೆ ಎಂದೇ ಕರೆಯುತ್ತೇನೆ.

ಇತ್ತ ಪ್ರಯೋಗಾಲಯಗಳಲ್ಲಿ ಸಿದ್ಧಾಂತ ಸವೆಯುತ್ತ ಬಂದಿತ್ತು. 2006ರಲ್ಲಿ ಕ್ಯಾಲಿಫೋರ್ನಿಯಾದ ಇನ್ನೊಂದು ತಂಡ, ಮುಖದ ಭಾವಗಳನ್ನು ಅನುಕರಿಸುವಾಗ ಆಟಿಸಂ ಇರುವ ಮಕ್ಕಳ ಮೆದುಳಿನ ಮುಂಭಾಗದಲ್ಲಿ ಚಟುವಟಿಕೆ ಕಡಿಮೆ ಎಂದು ಎಫ್‌ಎಂಆರ್‌ಐ ಮೂಲಕ, ಅಂದರೆ ಕೆಲಸ ಮಾಡುತ್ತಿರುವ ಮೆದುಳಿನಲ್ಲಿ ರಕ್ತದ ಹರಿವಿನ ಏರಿಳಿತವನ್ನು ತೋರಿಸುವ ಸ್ಕ್ಯಾನ್ ಮೂಲಕ ಹೇಳಿತ್ತು, ಅದು ಸಿದ್ಧಾಂತದ ಪರ. ಆದರೆ 2010ರಲ್ಲಿ ಇಲಾನ್ ಡಿನ್‌ಸ್ಟೈನ್ ತಂಡ ಕೈಚಲನೆಗಳನ್ನು ನೋಡುವಾಗಲೂ ಮಾಡುವಾಗಲೂ ಆಟಿಸಂ ಇರುವವರ ಚಲನಾ ಪ್ರದೇಶಗಳು ಉಳಿದವರಂತೆಯೇ ಸ್ಪಂದಿಸುವುದನ್ನು ಕಂಡಿತು. ಅದೇ ವರ್ಷ ಇನ್ನೊಂದು ಇಇಜಿ ಅಧ್ಯಯನದಲ್ಲಿ ಮ್ಯೂ ಅಲೆ ಸಹಜವಾಗಿಯೇ ತಗ್ಗಿತು. 2013ರಲ್ಲಿ ಲಂಡನ್ನಿನ ಆಂಟೋನಿಯಾ ಹ್ಯಾಮಿಲ್ಟನ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಆಟಿಸಂನಲ್ಲಿ ಕನ್ನಡಿ ವ್ಯವಸ್ಥೆ ಇಡಿಯಾಗಿ ಕೆಟ್ಟಿದೆ ಎನ್ನಲು ಪುರಾವೆ ಸಾಲದು ಎಂದರು. ಇಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಬಹುಪಾಲು ಜನ ಒಡೆದ ಕನ್ನಡಿಯ ಮಾತನ್ನು ಬಿಟ್ಟಿದ್ದಾರೆ.

ಅನುಕರಣೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮನೆಯಲ್ಲಿ ಕಾಣುವುದು ಅದು. ‘ನನ್ನ ಹಾಗೆ ಮಾಡು’ ಎಂದು ಚಪ್ಪಾಳೆ ತಟ್ಟಿದರೆ ನನ್ನ ಅಳಿಯ ಮಾಡುವುದಿಲ್ಲ. ಥೆರಪಿಯ ಕೋಣೆಯಲ್ಲಿ ಅವನ ಹೆಸರಿನ ಮುಂದೆ ‘ಅನುಕರಣೆ ಇಲ್ಲ’ ಎಂದು ಬರೆದಿದ್ದರು. ಆದರೆ ಅವನು ನಮ್ಮ ಮನೆಯ ಜಗುಲಿಯಲ್ಲಿ ಮಾಡುವುದನ್ನು ಆ ಕೋಣೆಯವರು ನೋಡಿಲ್ಲ. ನಮ್ಮ ಅಪ್ಪಯ್ಯನಿಗೆ ಊಟವಾದ ಮೇಲೆ ಕವಳ ಹಾಕುವ ಅಭ್ಯಾಸ. ಹುಡುಗ ಕಂಬಕ್ಕೆ ಒರಗಿ ಎಲ್ಲೋ ನೋಡುತ್ತ ಕೂತಿರುತ್ತಾನೆ, ಅಜ್ಜನ ಕಡೆ ಕಣ್ಣೆತ್ತಿದ್ದನ್ನು ಯಾರೂ ಕಂಡಿಲ್ಲ. ಒಂದು ದಿನ ಹಲಸಿನ ಎಲೆಯೊಂದನ್ನು ತಂದು, ತೊಡೆಯ ಮೇಲೆ ಒರೆಸಿ, ತೊಟ್ಟು ಮುರಿದು, ಬೆನ್ನು ಮೇಲಾಗಿಸಿ, ಖಾಲಿ ಡಬ್ಬಿಯಿಂದ ಇಲ್ಲದ ಸುಣ್ಣವನ್ನು ಬೆರಳಲ್ಲಿ ತೆಗೆದು ಹಚ್ಚಿ, ನೀಟಾಗಿ ಮಡಚಿದ. ಒಂದು ಹಂತವೂ ಹಿಂದುಮುಂದಾಗಲಿಲ್ಲ. ಅವನ ಪುಟ್ಟ ತಂಗಿಯೂ ಆ ಆಟವನ್ನು ಆಡುತ್ತಾಳೆ, ಆಟಿಸಂ ಇಲ್ಲದ ಮಗು. ವ್ಯತ್ಯಾಸ ಒಂದೇ. ಅಪ್ಪಯ್ಯ ಸುಣ್ಣದ ಡಬ್ಬಿ ತೆರೆಯುವ ಮೊದಲು ಅದನ್ನು ಎರಡು ಸಲ ನೆಲಕ್ಕೆ ಕುಟ್ಟುತ್ತಾರೆ, ಯಾಕೆಂದು ಅವರಿಗೂ ಗೊತ್ತಿಲ್ಲ. ಅವಳು ಕುಟ್ಟುತ್ತಾಳೆ. ಇವನು ಕುಟ್ಟುವುದಿಲ್ಲ.

ಮನೆಯೊಂದರಲ್ಲಿ ಕಂಡದ್ದರಿಂದ ಏನೂ ಸಿದ್ಧವಾಗುವುದಿಲ್ಲ, ನಿಜ. ಆದರೆ ಅದನ್ನು ಕಂಡ ಮೇಲೆ ಓದಿದ ಎರಡು ಅಧ್ಯಯನಗಳು ನನಗೆ ಬೇರೆಯೇ ಬೆಳಕಿನಲ್ಲಿ ಕಂಡವು. ಹ್ಯಾಮಿಲ್ಟನ್ ಮತ್ತು ಉಟಾ ಫ್ರಿತ್ ಅವರ ತಂಡ 2007ರಲ್ಲಿ ತೋರಿಸಿದ್ದು ಇದು: ಗುರಿಯಿರುವ ಕ್ರಿಯೆಗಳನ್ನು ಅನುಕರಿಸುವುದರಲ್ಲಿ ಆಟಿಸಂ ಇರುವ ಮಕ್ಕಳು ಉಳಿದವರಿಗಿಂತ ಹಿಂದೆ ಬೀಳಲಿಲ್ಲ. 2013ರಲ್ಲಿ ಲಾರೆನ್ ಮಾರ್ಷ್ ಮತ್ತು ಸಂಗಡಿಗರು ಮಕ್ಕಳೆದುರು ಡಬ್ಬಿಯಿಂದ ಆಟಿಕೆ ತೆಗೆದು ತೋರಿಸಿದರು, ನಡುನಡುವೆ ಬೇಕಿಲ್ಲದ ಕ್ರಿಯೆಗಳನ್ನೂ ಸೇರಿಸಿ. ಆಟಿಸಂ ಇಲ್ಲದ ಮಕ್ಕಳು ಆ ಬೇಡದ ಕ್ರಿಯೆಗಳನ್ನೂ ಹೆಚ್ಚಾಗಿ ನಕಲು ಮಾಡಿದರು. ಆಟಿಸಂ ಇರುವ ಮಕ್ಕಳು ಅವನ್ನು ಬಹುಮಟ್ಟಿಗೆ ಬಿಟ್ಟು ಆಟಿಕೆಯನ್ನು ತೆಗೆದರು. ಬೇಡದ್ದನ್ನೂ ನಕಲು ಮಾಡುವುದು ಎದುರಿನವರೊಂದಿಗೆ ಒಂದಾಗುವ ದಾರಿ, ಅದನ್ನು ಕಡಿಮೆ ಎನ್ನಲಾರೆ. ಸಂಪ್ರದಾಯಗಳು ಹೀಗೆಯೇ ಮೊಮ್ಮಕ್ಕಳಿಗೆ ದಾಟುತ್ತವೆ. ಇಲ್ಲಿರುವ ವ್ಯತ್ಯಾಸ ನಿಜವಾದದ್ದು, ಬದುಕಿನಲ್ಲಿ ಅದರ ಪರಿಣಾಮವೂ ದೊಡ್ಡದು. ಆದರೆ ನೋಡಿ ಕಲಿಯುವ ಯಂತ್ರವೇ ಒಳಗೆ ಇಲ್ಲ ಎನ್ನುವುದಕ್ಕೂ, ಏನನ್ನು ನಕಲು ಮಾಡಬೇಕು, ಯಾರಿಗಾಗಿ, ಯಾವಾಗ ಎಂಬ ಆಯ್ಕೆ ಬೇರೆಯಾಗಿದೆ ಎನ್ನುವುದಕ್ಕೂ ಅಜಗಜಾಂತರ. ಮೊದಲನೆಯದನ್ನು ನಂಬಿದ ಶಿಕ್ಷಕಿ ಚಪ್ಪಾಳೆಯನ್ನೇ ನೂರು ಸಲ ತಟ್ಟಿಸುತ್ತಾರೆ. ಎರಡನೆಯದನ್ನು ನಂಬಿದವರು ಹುಡುಗನಿಗೆ ಯಾವುದರಲ್ಲಿ ಅರ್ಥ ಕಾಣುತ್ತದೆ ಎಂದು ಹುಡುಕುತ್ತಾರೆ.

ಬೇರೆಯವರ ನೋವು ತಿಳಿಯುವುದಿಲ್ಲ ಎಂಬ ಎರಡನೆಯ ವಾಕ್ಯಕ್ಕೆ ಬರುತ್ತೇನೆ. ಎದುರಿನವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದು ಒಂದು, ಅವರ ನೋವು ತನ್ನೊಳಗೆ ತಟ್ಟುವುದು ಇನ್ನೊಂದು. ಆಟಿಸಂ ಇರುವ ಅನೇಕರಿಗೆ ಮೊದಲನೆಯದು ಕಷ್ಟ. ಅದರಿಂದ ಎರಡನೆಯದೂ ಇಲ್ಲವೆಂದು ಹಾರಿದ್ದೇ ತಪ್ಪು. 2010ರಲ್ಲಿ ಜೆಫ್ರಿ ಬರ್ಡ್ ತಂಡ ಒಂದು ಪ್ರಯೋಗ ಮಾಡಿತು. ಆಟಿಸಂ ಇರುವ ವಯಸ್ಕರು ಸ್ಕ್ಯಾನರಿನಲ್ಲಿದ್ದಾಗ, ಅವರಿಗೆ ಹತ್ತಿರದವರ ಕೈಗೆ ಚುರುಕ್ ಎನ್ನುವಂಥ ನೋವು ಕೊಡಲಾಯಿತು. ಮೆದುಳಿನ ಇನ್ಸುಲಾ ಎಂಬ ಭಾಗ ಎಷ್ಟು ಸ್ಪಂದಿಸಿತು ಎಂಬುದಕ್ಕೂ ಆಟಿಸಂಗೂ ನೇರ ಸಂಬಂಧ ಸಿಗಲಿಲ್ಲ. ಸಂಬಂಧ ಇದ್ದದ್ದು ಅಲೆಕ್ಸಿಥೈಮಿಯಾ ಎಂಬ ಬೇರೊಂದು ಗುಣದ ಜೊತೆ, ಅಂದರೆ ತನ್ನದೇ ಭಾವಗಳನ್ನು ಗುರುತಿಸಿ ಹೆಸರಿಸಲು ಪಡುವ ಕಷ್ಟದ ಜೊತೆ. ಅದು ಆಟಿಸಂ ಇಲ್ಲದವರಲ್ಲಿಯೂ ಇರುತ್ತದೆ, ಆಟಿಸಂ ಇರುವವರಲ್ಲಿ ಹೆಚ್ಚು. ನಮ್ಮ ಸುತ್ತ ಎಷ್ಟೋ ಗಂಡಸರಿಗೆ ‘ನಿನಗೆ ಏನನಿಸುತ್ತಿದೆ’ ಎಂದು ಕೇಳಿದರೆ ಉತ್ತರ ಹೊರಡುವುದಿಲ್ಲ, ಅವರನ್ನು ಯಾರೂ ನೋವರಿಯದವರು ಎಂದು ಹಾಳೆಯ ಮೇಲೆ ಬರೆದುಕೊಡುವುದಿಲ್ಲ.

ಕಣ್ಣು ತಪ್ಪಿಸುವುದನ್ನು ಅಸಡ್ಡೆ ಎಂದು ಓದುವುದೂ ಇದೇ ಜಾತಿಯದು. 2017ರಲ್ಲಿ ನೂಶಿನ್ ಹಾಜಿಖಾನಿ ಮತ್ತು ಸಂಗಡಿಗರು ಆಟಿಸಂ ಇರುವವರಿಗೆ ಮುಖಗಳ ಕಣ್ಣಿನ ಭಾಗವನ್ನೇ ನೋಡುವಂತೆ ಮಾಡಿದಾಗ, ಅಮಿಗ್ಡಲಾ ಸೇರಿದಂತೆ ಮೆದುಳಿನ ಒಳಭಾಗದ, ಬೆದರಿಕೆಗೆ ಎಚ್ಚರಗೊಳ್ಳುವ ಜಾಲ ಅತಿಯಾಗಿ ಚುರುಕಾಯಿತು. ತಟ್ಟದೆ ಇರುವುದಲ್ಲ, ಹೆಚ್ಚು ತಟ್ಟುವುದು. ‘ಕಣ್ಣು ನೋಡು, ಕಣ್ಣು ನೋಡು’ ಎಂದು ಮಗುವಿನ ಗಲ್ಲ ಹಿಡಿದು ತಿರುಗಿಸುವ ಪದ್ಧತಿ ನಮ್ಮ ಎಷ್ಟೋ ತರಬೇತಿ ಕೋಣೆಗಳಲ್ಲಿ ಈಗಲೂ ಇದೆ. ಇದನ್ನು ಓದುತ್ತಿರುವ ಯಾರಾದರೂ ಆ ಕೆಲಸದಲ್ಲಿದ್ದರೆ ದಯವಿಟ್ಟು ನಿಲ್ಲಿಸಿ. ಕಂಬಕ್ಕೆ ಒರಗಿ ಎಲ್ಲೋ ನೋಡುತ್ತಲೇ ಕಲಿಯುವ ಮಕ್ಕಳಿದ್ದಾರೆ.

ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವವರು, 2012ರಲ್ಲಿ ಇಡೀ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಅರ್ಥವಾಗದಿರುವುದು ಒಂದು ಕಡೆಯ ದೋಷವಲ್ಲ, ಎರಡೂ ಕಡೆಯದು ಎಂಬುದು ಅವರ ವಾದ. ಆಟಿಸಂ ಇರುವವರು ನಮ್ಮನ್ನು ಓದಲಾರರು ಎನ್ನುವ ನಾವು ಅವರನ್ನು ಎಷ್ಟು ಓದಿದ್ದೇವೆ? 2020ರಲ್ಲಿ ಎಡಿನ್‌ಬರೊದ ಕ್ಯಾಥರೀನ್ ಕ್ರಾಂಪ್ಟನ್ ತಂಡ ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸುವ ಸರಪಳಿಗಳನ್ನು ಮಾಡಿ ನೋಡಿತು. ಆಟಿಸಂ ಇರುವವರೇ ಇದ್ದ ಸರಪಳಿಯಲ್ಲಿ ಕಥೆ ಉಳಿದವರ ಸರಪಳಿಯಷ್ಟೇ ಚೆನ್ನಾಗಿ ದಾಟಿತು, ಎರಡೂ ಬೆರೆತ ಸರಪಳಿಯಲ್ಲಿ ಹೆಚ್ಚು ಸೋರಿತು. ಮುಂದೆ ಅದೇ ತಂಡ ಇನ್ನಷ್ಟು ಜನರನ್ನು ಸೇರಿಸಿ ಪ್ರಯೋಗ ಮಾಡಿದಾಗ ಬೆರೆತ ಸರಪಳಿಯ ಸೋರಿಕೆ ಕಾಣಲಿಲ್ಲ, ಆಟಿಸಂ ಇರುವವರ ಸರಪಳಿ ಮಾತ್ರ ಹಿಂದೆ ಬೀಳದೆ ಉಳಿಯಿತು. ನನಗೆ ಇಷ್ಟವಾದ ವಾದದ ಒಂದು ಆಧಾರ ಸಡಿಲವಾಯಿತು. ಅದನ್ನೂ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಒಡೆದ ಕನ್ನಡಿಯನ್ನು ಅಳೆದ ಅಳತೆಗೋಲಿನಲ್ಲಿಯೇ ಇದನ್ನೂ ಅಳೆಯಬೇಕು.

ಹಾಗಾದರೆ ಮೆದುಳಿನಲ್ಲಿ ವ್ಯತ್ಯಾಸವೇ ಇಲ್ಲವೇ ಎಂದು ತಂಗಿ ಕೇಳಿದಳು. ಇದೆ. ಕೆಲವು ಮಕ್ಕಳಲ್ಲಿ ಹುಟ್ಟಿದ ಮೊದಲ ವರ್ಷದಲ್ಲಿ ತಲೆಯ ಸುತ್ತಳತೆ ಬೇಗ ಬೆಳೆಯುತ್ತದೆ ಎಂದು ಎರಿಕ್ ಕೋರ್ಶೆನ್ 2003ರಲ್ಲಿ ವರದಿ ಮಾಡಿದ್ದರು. 2017ರಲ್ಲಿ ಹೆದರ್ ಹ್ಯಾಜ್ಲೆಟ್ ಮತ್ತು ಸಂಗಡಿಗರು, ಆಟಿಸಂ ಇರುವ ಅಣ್ಣ ಅಕ್ಕಂದಿರನ್ನು ಹೊಂದಿದ ಶಿಶುಗಳನ್ನು ನಿದ್ದೆಯಲ್ಲಿ ಸ್ಕ್ಯಾನ್ ಮಾಡಿ, ಮುಂದೆ ಆಟಿಸಂ ಕಾಣಿಸಿಕೊಂಡ ಮಕ್ಕಳಲ್ಲಿ 6ರಿಂದ 12 ತಿಂಗಳ ನಡುವೆ ಮೆದುಳಿನ ಮೇಲ್ಮೈ ಹೆಚ್ಚು ವೇಗವಾಗಿ ಹಿಗ್ಗಿದ್ದನ್ನು ಕಂಡರು. ಎಲ್ಲರಲ್ಲೂ ಎಳವೆಯಲ್ಲಿ ನರಕೋಶಗಳ ನಡುವಿನ ಸಂಪರ್ಕಗಳು ಬೇಕಾದದ್ದಕ್ಕಿಂತ ಹೆಚ್ಚು ಹುಟ್ಟಿ, ಬೆಳೆಯುತ್ತ ಬೆಳೆಯುತ್ತ ಕಡಿಮೆಯಾಗುತ್ತವೆ. ತೀರಿಕೊಂಡ ಮಕ್ಕಳ ಮೆದುಳುಗಳನ್ನು ಪರೀಕ್ಷಿಸಿದ 2014ರ ಒಂದು ಅಧ್ಯಯನದಲ್ಲಿ, ಹದಿಹರೆಯ ಮುಗಿಯುವ ಹೊತ್ತಿಗೆ ಈ ಇಳಿಕೆ ಆಟಿಸಂ ಇಲ್ಲದವರಲ್ಲಿ ಸುಮಾರು ಅರ್ಧದಷ್ಟು, ಇದ್ದವರಲ್ಲಿ ನೂರಕ್ಕೆ 16ರಷ್ಟು. ಡಿನ್‌ಸ್ಟೈನ್ ಇನ್ನೊಂದು ಕುತೂಹಲದ ಸಂಗತಿ ಕಂಡರು: ಒಂದೇ ಸದ್ದು, ಒಂದೇ ಸ್ಪರ್ಶ, ಒಂದೇ ದೃಶ್ಯವನ್ನು ಮತ್ತೆ ಮತ್ತೆ ಕೊಟ್ಟಾಗ ಆಟಿಸಂ ಇರುವವರ ಮೆದುಳಿನ ಸ್ಪಂದನ ಪ್ರತಿ ಸಲ ಹೆಚ್ಚು ಏರುಪೇರಾಗುತ್ತಿತ್ತು. ಮಿಕ್ಸಿಯ ಸದ್ದನ್ನು ಸೋಮವಾರ ಸಹಿಸಿ ಮಂಗಳವಾರ ಕಿವಿ ಮುಚ್ಚಿಕೊಂಡು ಓಡುವ ಹುಡುಗನ ಮನೆಯವರಿಗೆ ಕನ್ನಡಿಯ ಕಥೆಗಿಂತ ಇದು ಎಷ್ಟೋ ಹೆಚ್ಚು ಉಪಯೋಗದ ಮಾತು.

ಆದರೆ ಇವೆಲ್ಲ ಗುಂಪುಗಳ ಸರಾಸರಿ. 17 ಕೇಂದ್ರಗಳಿಂದ 1,112 ಜನರ ಸ್ಕ್ಯಾನ್‌ಗಳನ್ನು ಒಂದೆಡೆ ಸೇರಿಸಿದ ಸಂಗ್ರಹವೊಂದು ಬಂದ ಮೇಲೆ, 2016ರಲ್ಲಿ ಅದನ್ನು ಬಳಸಿ ಮೆದುಳಿನ ರಚನೆಯನ್ನು ಹೋಲಿಸಿದಾಗ ಎರಡು ಗುಂಪುಗಳ ನಡುವೆ ಎದ್ದು ಕಾಣುವಂಥದ್ದು ಬಹಳ ಕಡಿಮೆ ಸಿಕ್ಕಿತು. ಗುಂಪುಗಳ ನಡುವಿನ ಅಂತರಕ್ಕಿಂತ ಒಂದೊಂದು ಗುಂಪಿನೊಳಗಿನ ವೈವಿಧ್ಯವೇ ದೊಡ್ಡದು. ಅಚ್ಚರಿಯೇನಿಲ್ಲ. ಆಟಿಸಂಗೆ ನಂಟಿರುವ ಜೀನ್‌ಗಳೇ ನೂರಾರು. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವುಗಳಲ್ಲಿ ಸಿನ್‌ಗ್ಯಾಪ್1 ಎಂಬ ಒಂದೇ ಒಂದು ಜೀನಿನ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಒಂದು ಜೀನಿಗೆ ಇಷ್ಟು ಶ್ರಮ ಬೇಕಾದಲ್ಲಿ, ಎಲ್ಲ ಮಕ್ಕಳಿಗೂ ಸೇರಿ ಒಂದು ಜಾತಿಯ ಕೋಶದ ದೋಷ ಸಾಕು ಎಂಬ ವಿವರಣೆ ಹೇಗೆ ನಿಂತೀತು?

ಚೊಕ್ಕಟವಾದ ವಿವರಣೆಗಳು ಈ ಮನೆಗಳಿಗೆ ಹೊಸದಲ್ಲ. ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದಾಗ ಇದು ಹುಟ್ಟಿನಿಂದ ಬಂದದ್ದು ಎಂದೇ ಹೇಳಿದ್ದರು, ಜೊತೆಗೆ ಆ ತಂದೆ ತಾಯಿಗಳು ಬೆಚ್ಚಗಿನ ಮನಸ್ಸಿನವರಲ್ಲ ಎಂಬ ಮಾತನ್ನೂ ಸೇರಿಸಿದ್ದರು. ಆ ಎರಡನೆಯ ಮಾತು ಹಬ್ಬಿತು. 1960ರ ದಶಕದಲ್ಲಿ ಬ್ರೂನೊ ಬೆಟಲ್‌ಹೈಮ್ ತಾಯಂದಿರ ಪ್ರೀತಿ ತಣ್ಣಗಿರುವುದೇ ಕಾರಣ ಎಂದು ಸಾರಿದರು, ಸಾವಿರಾರು ಹೆಂಗಸರು ಆ ಅಪರಾಧವನ್ನು ಹೊತ್ತುಕೊಂಡು ಬದುಕಿದರು. ಅವಳಿಗಳ ಮೇಲಿನ 1977ರ ಅಧ್ಯಯನ ಆಟಿಸಂಗೆ ವಂಶವಾಹಿಯ ಬೇರು ಇದೆಯೆಂದು ತೋರಿಸಿದ ಮೇಲೆ ಆ ಹೊರೆ ಇಳಿಯತೊಡಗಿತು. ಒಂದು ಕಾಲದಲ್ಲಿ ತಾಯಿಗೆ ಮಗುವಿನ ಮೇಲೆ ಪ್ರೀತಿಯಿಲ್ಲ ಎಂದರು, ಈಗ ಮಗುವಿಗೆ ತಾಯಿಯ ಪ್ರೀತಿ ತಿಳಿಯುವುದಿಲ್ಲ ಎನ್ನುತ್ತಾರೆ. ನಮ್ಮ ಕಡೆ ಎರಡೂ ಒಟ್ಟಿಗೆ ನಡೆಯುತ್ತವೆ, ಜೊತೆಗೆ ಮೊಬೈಲ್ ತೋರಿಸಿದ್ದರಿಂದ ಹೀಗಾಯಿತೆಂದು ನೆಂಟರು ಹೇಳುವ ಮಾತು ಬೇರೆ.

ಮಕ್ಕಳಿಗೆ ನೆರವು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ, ಮತ್ತು ನೆರವಿಗೆ ಹೋಗಬೇಕಾದ ಜಾಗಗಳು ನಮ್ಮಲ್ಲಿ ಇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಜಿಲ್ಲೆಗಳಲ್ಲಿ ಅಲ್ಲಿ ಕಲಿತು ಬಂದ ವಾಕ್ ಚಿಕಿತ್ಸಕರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಶಾಲೆ ಬಾಗಿಲು ಹಾಕುವಂತಿಲ್ಲ. ತಂಗಿ ಆ ಕೇಂದ್ರಕ್ಕೆ ಮತ್ತೆ ಹೋಗಲಿಲ್ಲ. ಅಷ್ಟು ದುಡ್ಡು ಖರ್ಚಾಗಲಿಲ್ಲ ಎಂಬುದಕ್ಕಿಂತ, ಅಷ್ಟು ತಿಂಗಳು ಹುಡುಗ ಗುರುತಿಲ್ಲದ ಕೈಗಳ ವಿಡಿಯೊ ನೋಡುತ್ತ ಕೂರಲಿಲ್ಲ ಎಂಬುದು ನನಗೆ ಸಮಾಧಾನ. ಈಗ ಚಿತ್ರದ ಕಾರ್ಡುಗಳಲ್ಲಿ ನೀರು, ದೋಸೆ, ಹೊರಗೆ, ಸಾಕು ಎಂದು ತೋರಿಸುತ್ತಾನೆ. ‘ಸಾಕು’ ಎನ್ನುವ ಕಾರ್ಡು ಬಂದ ಮೇಲೆ ಅವನು ತಲೆ ಬಡಿದುಕೊಳ್ಳುವುದು ಕಡಿಮೆಯಾಗಿದೆ.

ನನಗಿರುವ ದೊಡ್ಡ ಅಸಮಾಧಾನ ಬೇರೆ. ಇಷ್ಟು ಹೊತ್ತು ನಾನು ಹೇಳಿದ ಅಧ್ಯಯನಗಳಲ್ಲಿ ಹೆಚ್ಚಿನವುಗಳಲ್ಲಿ ನನ್ನ ಅಳಿಯನಂಥ ಮಕ್ಕಳೇ ಇಲ್ಲ. ಎಚ್ಚರದಲ್ಲಿ ಮಾಡುವ ಎಫ್‌ಎಂಆರ್‌ಐನಲ್ಲಿ ಆ ಭಾರೀ ಸದ್ದಿನ ನಡುವೆ ಅಲ್ಲಾಡದೆ ಮಲಗಬೇಕು, ಹೇಳಿದ್ದನ್ನು ಕೇಳಿ ಮಾಡಬೇಕು. ತಲೆ ಒಂದಿಷ್ಟು ಅಲ್ಲಾಡಿದರೂ ಮೆದುಳಿನ ಸಂಪರ್ಕಗಳಲ್ಲಿ ಇಲ್ಲದ ವ್ಯತ್ಯಾಸ ಇದ್ದಂತೆ ಕಾಣುತ್ತದೆ ಎಂಬುದು 2012ರ ಸುಮಾರಿಗೆ ಸ್ಪಷ್ಟವಾದ ಮೇಲೆ ಅಲ್ಲಾಡುವ ಮಕ್ಕಳನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಹೊರಗಿಡುತ್ತಾರೆ. 2016ರಲ್ಲಿ ಆಟಿಸಂ ಕುರಿತ ನಿಯತಕಾಲಿಕಗಳಲ್ಲಿ ಬಂದ ಅಧ್ಯಯನಗಳನ್ನು ಜಿನ್ನಿ ರಸೆಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಭಾಗವಹಿಸಿದ ಆಟಿಸಂ ಇರುವವರಲ್ಲಿ ನೂರಕ್ಕೆ 94 ಮಂದಿಗೆ ಬೌದ್ಧಿಕ ಅಂಗವೈಕಲ್ಯ ಇರಲಿಲ್ಲ. ಅಮೆರಿಕದ ಸರ್ಕಾರಿ ಲೆಕ್ಕದ ಪ್ರಕಾರ ಆಟಿಸಂ ಇರುವ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚಿನವರಿಗೆ ಅದು ಇದೆ. ಅಂದರೆ ಹೆಚ್ಚು ನೆರವು ಬೇಕಾದವರ ಮೆದುಳಿನ ಬಗ್ಗೆ ಕಡಿಮೆ ತಿಳಿದಿದೆ, ಆದರೂ ತಿಳಿದದ್ದನ್ನೆಲ್ಲ ಅವರ ತಾಯಂದಿರಿಗೆ ಅವರದ್ದೇ ಎಂಬಂತೆ ಹೇಳಲಾಗುತ್ತದೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಶಿಶುಗಳನ್ನು ನಿದ್ದೆಯಲ್ಲಿ ಸ್ಕ್ಯಾನ್ ಮಾಡುವುದು ಸಾಧ್ಯವಾಗಿದೆ. ಇಇಜಿಯ ಟೋಪಿಗಳು ಈಗ ಹಗುರವಾಗಿವೆ, ಮನೆಗೆ ಒಯ್ಯಬಹುದು. ಅಪರಿಚಿತ ಕೋಣೆಯಲ್ಲಿ ಅಪರಿಚಿತ ಕೈ ತೋರಿಸುವ ಬದಲು ಜಗುಲಿಯಲ್ಲಿ ಅಜ್ಜನ ಕೈ ತೋರಿಸಿ ಅಳೆಯಬಹುದು, ಅಳೆದವರು ತಮ್ಮ ಅಳತೆಯ ಮಿತಿಯನ್ನೂ ಹೇಳುವುದಾದರೆ. ಮಾತಿಲ್ಲದ ಮಕ್ಕಳನ್ನು ಹೀಗೆ ಅವರ ಮನೆಗಳಲ್ಲಿಯೇ ವರ್ಷಗಟ್ಟಲೆ ನೋಡುವ ಅಧ್ಯಯನವನ್ನು ನಮ್ಮ ರಾಜ್ಯದಲ್ಲಿ ಯಾರಾದರೂ ಕೈಗೆತ್ತಿಕೊಂಡರೆ ಒಪ್ಪಿಗೆ ಪತ್ರಕ್ಕೆ ತಂಗಿ ಸಹಿ ಹಾಕುತ್ತಾಳೆ, ಕೇಳಿದ್ದೇನೆ. ಅವಳದ್ದು ಒಂದು ಷರತ್ತು ಇದೆ: ಆ ಟೋಪಿಯನ್ನು ಕೆಲವು ವಾರ ಮೊದಲೇ ಮನೆಗೆ ಕಳಿಸಬೇಕು, ಹುಡುಗ ಅದನ್ನು ತನಗೆ ಬೇಕಾದಾಗ ಮುಟ್ಟಿ, ಮೂಸಿ, ಬೇಡವಾದಾಗ ಎಸೆದು, ಪರಿಚಯ ಮಾಡಿಕೊಳ್ಳಬೇಕು. ತಂತಿ ಅಂಟಿಸುವ ಮಾತು ಆಮೇಲೆ.